ಬಣ್ಣ ಬೇಡದ ಸೇತುವೆ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಕಿಡಿ ಅಂತ. ವೆಲ್ಡಿಂಗ್ ಕೆಲಸಕ್ಕೆ ಅರ್ಧ, ಮೂಗಿನ ತುದಿಯ ಕೋಪಕ್ಕೆ ಅರ್ಧ. ಕಾಲುವೆ ದಾಟುವ ಕಾಲ್ಸೇತುವೆ ಕಟ್ಟಿದವನು ಅವನೇ. ಅದರ ಉಕ್ಕೇ ಬೇರೆ ಬಗೆಯದು, ಬಣ್ಣ ಬೇಡ. ನೆನೆದು ಒಣಗಿ, ನೆನೆದು ಒಣಗಿ, ಮೊದಲು ಪುಡಿಪುಡಿಯಾಗಿ ಉದುರುವ ತುಕ್ಕು ಬರಬರುತ್ತಾ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಉಕ್ಕನ್ನು ಕಾಯುತ್ತದೆ. ನೀರು ನಿಂತರೆ ಮಾತ್ರ ಕೆಟ್ಟಿತು. ಅದಕ್ಕೇ ಕಿಡಿ ಮೂಲೆಮೂಲೆಯಲ್ಲೂ ನೀರಿಳಿಯಲು ದಾರಿ ಬಿಟ್ಟಿದ್ದ.

ಇದೆಲ್ಲ ಜನಕ್ಕೆ ಯಾಕೆ ಬೇಕು? ಮೊದಲ ಮಳೆಗೆ ಕಿತ್ತಳೆ ಬಣ್ಣದ ನೀರು ಮೆಟ್ಟಿಲ ಮೇಲೆ ಹರಿದಾಗ, ಸೇತುವೆ ಹುಟ್ಟುತ್ತಲೇ ಮುದಿಯಾಗಿದೆ ಎಂದು ಟೀ ಅಂಗಡಿಯಲ್ಲಿ ನಕ್ಕರು. ನಗರಸಭೆಯವರು, ಮೂರು ಮಳೆಗಾಲ ನೋಡುತ್ತೇವೆ, ಆಮೇಲೂ ಕೈಗೆ ತುಕ್ಕು ಹತ್ತಿದರೆ ಪೂರ್ತಿ ಬಣ್ಣ ಬಳಿಸುತ್ತೇವೆ ಎಂದರು. ಕಿಡಿಗೆ ಅದು ತನ್ನ ಮುಖಕ್ಕೇ ಮಸಿ ಬಳಿದ ಹಾಗೆ.

ಎರಡು ಮಳೆಗಾಲ ಕಳೆದರೂ ಕುಹಕ ನಿಲ್ಲಲಿಲ್ಲ. ಅಕ್ಕನ ಗಂಡ ಪೇಂಟರ್. ಹೆಂಡತಿಯ ತಮ್ಮನ ಮಾನ ಹೋಗುವುದನ್ನು ನೋಡಲಾರದೆ, ಕಿಡಿ ಇಲ್ಲದ ಹೊತ್ತಿನಲ್ಲಿ ಸೇತುವೆಯ ಕಂಬಿಯ ಒಂದು ತುಂಡಿಗೆ ಕೆಂಪು ಬಣ್ಣ ಬಳಿದೇಬಿಟ್ಟ. ಕಿಡಿ ನೋಡಿ ಕೆಂಡವಾದ. ಭಾವನನ್ನು ಬೈಯುವ ಹಾಗಿಲ್ಲ, ಬಣ್ಣದ ಡಬ್ಬವನ್ನು ಬಾಯಿಗೆ ಬಂದ ಹಾಗೆ ಬೈದ. ಆಮೇಲೆ ಗ್ರೈಂಡರ್ ಹಿಡಿದು ಉಕ್ಕು ಬೆಳ್ಳಗೆ ಹೊಳೆಯುವ ತನಕ ಉಜ್ಜಿದ. ಆ ತುಂಡು ಮತ್ತೆ ಮೊದಲಿನಿಂದ ತುಕ್ಕು ಹಿಡಿಯಬೇಕಾಯಿತು.

ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಸೇತುವೆ ಒಳ್ಳೆ ಕಂದು ಬಣ್ಣಕ್ಕೆ ತಿರುಗಿತ್ತು. ನಗರಸಭೆಯ ಮೇಲ್ವಿಚಾರಕ ಬಂದು, ಕೈಗೆ ಸಿಕ್ಕ ಕಂಬಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿದ. ಗ್ರಹಚಾರಕ್ಕೆ ಅದು ಭಾವ ಬಣ್ಣ ಬಳಿದಿದ್ದ ತುಂಡೇ. ಬಟ್ಟೆ ಕಿತ್ತಳೆಯಾಯಿತು. ಬಣ್ಣದ ಕೆಲಸ ನಿನಗೇ ಕೊಡೋಣ ಎಂದು ಅವನು ಅಲ್ಲೇ ನಿಂತಿದ್ದ ಭಾವನ ಕಡೆ ತಿರುಗಿದ. ಕಿಡಿ ಇಕ್ಕಟ್ಟಿಗೆ ಸಿಕ್ಕ. ಹತ್ತು ಜನರೆದುರು ಭಾವನ ಮೇಲೆ ದೂರು ಹೇಳಲಾರ, ಹೇಳದಿದ್ದರೆ ಸೇತುವೆ ಉಳಿಯದು.

ಭಾವನೇ ಮುಂದೆ ಬಂದ.

"ಆ ಕೆಲ್ಸ ನಂಗೆ ಬೇಡ ಸಾರ್. ನೀವು ಒರೆಸಿದ್ದು ನಾನು ಕೆಡಿಸಿದ ಜಾಗ. ನಾನು ಬಣ್ಣ ಬಳಿದೆ, ಇವನು ಕೆರೆದು ತೆಗೆದ. ಅದಿನ್ನೂ ಹಸುಗೂಸು. ಉಳಿದದ್ದು ಒರೆಸಿ ನೋಡಿ, ಅದು ನಮ್ಮ ಹುಡುಗನ ಕೆಲ್ಸ."

ಒರೆಸಿದರು. ಆ ತುದಿಯ ತನಕ ಒರೆಸಿದರು. ಬಟ್ಟೆಗೆ ಹತ್ತಿದ್ದು ಬೀದಿಯ ಧೂಳು ಮಾತ್ರ. ಬಣ್ಣದ ಮಾತು ಅಲ್ಲಿಗೇ ಬಿದ್ದುಹೋಯಿತು.

ತಲೆ ನರೆತವನನ್ನು ಹುಡುಗ ಅಂದದ್ದಕ್ಕೆ ಯಾರೋ ಕಿಸಕ್ಕೆಂದರು. ಕಿಡಿಗೆ ಕೋಪವೇ ಬರಲಿಲ್ಲ. ಎದೆಯುಬ್ಬಿಸಿ ಭಾವನ ಹೆಗಲ ಮೇಲೆ ಕೈ ಹಾಕಿದ.

"ಬನ್ನಿ ಭಾವ, ಆಚೆ ದಡದಿಂದ ನೋಡೋಣ. ಅಲ್ಲಿಂದ ಇನ್ನೂ ಚೆನ್ನಾಗಿ ಕಾಣುತ್ತೆ."