ಔಟ್‌ಬಾಕ್ಸಿನಲ್ಲಿ ಕೂತ ಮನವಿ

ಬೆಟ್ಟಂಪಾಡಿಯ ದೇವಕಿಗೆ ಅರವತ್ತಾರು. ನಲುವತ್ತು ವರ್ಷ ಬೀಡಿ ಕಟ್ಟಿದವಳು, ಅದರಲ್ಲಿ ಮೂವತ್ತು ವರ್ಷ ಬೀಡಿ ಕೆಲಸಗಾರರ ಸಂಘದ ಕಾರ್ಯದರ್ಶಿ. ಮನವಿ ಬರೆಯಲು ಕೂತಳೆಂದರೆ ತಹಶೀಲ್ದಾರನೂ ಬೆವರಬೇಕು. ಸಂಘದ ಕಚೇರಿಗೆ ಬೀಗ ಬಿದ್ದಾಗ ಮೇಜು ಒಬ್ಬ ಒಯ್ದ, ಫ್ಯಾನು ಇನ್ನೊಬ್ಬ ಒಯ್ದ. ಕಂಪ್ಯೂಟರೂ ಸ್ಕ್ಯಾನರೂ ಯಾರಿಗೂ ಬೇಡವಾಗಿ ದೇವಕಿಯ ಮನೆಗೆ ಬಂದವು.

ಆ ದಿನ ಮಧ್ಯಾಹ್ನ ಮೂರಕ್ಕೆ ಅದೇ ಕಂಪ್ಯೂಟರು ಅವಳ ಮರ್ಯಾದೆ ತೆಗೆಯಲು ಹೊರಟಿತ್ತು. ಗುಡ್ಡೆಯಲ್ಲಿ ಕೆಂಪುಕಲ್ಲು ಕಡಿಯುವ ಕೋರೆ ತೆರೆಯಲು ಯಾರೋ ಅರ್ಜಿ ಹಾಕಿದ್ದರು. ಕೆಳಗೆ ಹದಿನೆಂಟು ಮನೆಯವರು ನೀರು ಸೇದುವ ಬಾವಿ. ಆಕ್ಷೇಪಣೆ ಸಂಜೆ ಐದರೊಳಗೆ ಮಂಗಳೂರಿನ ಕಚೇರಿಗೆ ಮುಟ್ಟಬೇಕು, ಅದೂ ಇಮೇಲಿನಲ್ಲೇ. ದೇವಕಿ ಬೆಳಗ್ಗೆಯೇ ಕಳಿಸಿದ್ದಳು. ಮನವಿ ಮಾತ್ರ ಔಟ್‌ಬಾಕ್ಸಿನಲ್ಲಿ ಅಳಿಯನ ಹಾಗೆ ಕೂತಿತ್ತು, ಏಳುವ ಲಕ್ಷಣವೇ ಇಲ್ಲ.

"ಹೋಯ್ತಾ ದೇವಕೀ?" ಜಗಲಿಯಿಂದ ಆಸ್ಯಮ್ಮ ಕೇಳಿದಳು. ನೆರೆಮನೆಯವಳು, ಜತೆಗೆ ಬೀಡಿ ಕಟ್ಟಿದವಳು, ಜತೆಗೆ ಧರಣಿ ಕೂತವಳು.

"ಇಲ್ಲ."

"ಎಂತ ಮಾರಾಯ್ತಿ! ಹಿಂದೆ ಇಷ್ಟೊತ್ತಿಗೆ ನಡ್ಕೊಂಡೇ ಪುತ್ತೂರು ಮುಟ್ಟಿ, ಚಾ ಕುಡಿದು, ಗುಮಾಸ್ತನಿಗೆ ಬೈದು ಆಗ್ತಿತ್ತು."

"ಬೈದದ್ದು ನೀವು. ಸೀಲು ಹಾಕಿಸಿದ್ದು ನಾನು."

ಸಂಘದ ಮನವಿಯೆಂದರೆ ಅದಕ್ಕೊಂದು ಕ್ರಮವಿತ್ತು. ಕಾಗದದ ಮೇಲೆ ಊಟದ ಬಟ್ಟಲು ಕವುಚಿ ಹಾಕಿ ಸುತ್ತ ಗೆರೆ ಎಳೆಯುವುದು, ಗೆರೆಯ ಗುಂಟ ಸಹಿ, ಹೆಬ್ಬೆಟ್ಟು. ಮೊದಲು ಒತ್ತಿದವಳು ಯಾರೆಂದು ಗೊತ್ತಾಗಬಾರದು. ಗೊತ್ತಾದರೆ ಮರುದಿನ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅವಳ ಬೀಡಿಯೇ ಹಾಳೆಂದು ಎಸೆಯುವರು! ಒಮ್ಮೆ ಒಬ್ಬ ಸಾಹೇಬ, "ಇದು ಹೆಬ್ಬೆಟ್ಟೋ ಮಸಿಯೋ?" ಎಂದು ಕಾಗದ ಬಿಸಾಡಿದ್ದ. ಅಂದಿನಿಂದ ದೇವಕಿಯ ಹಟ ಒಂದೇ: ಹೆಬ್ಬೆಟ್ಟಿನ ಗೆರೆಗೆರೆ ಕಾಣಬೇಕು. ಈ ಸಲವೂ ಅದೇ ಬಟ್ಟಲು, ಅದೇ ವೃತ್ತ. ಸ್ಕ್ಯಾನರಿನ ಗುಣಮಟ್ಟವನ್ನು ತುತ್ತತುದಿಗೆ ಏರಿಸಿ ಚಿತ್ರ ತೆಗೆದಿದ್ದಳು.

ಅವಳು ಬುಡದಿಂದ ನೋಡುತ್ತ ಬಂದಳು. ಹೊರಗಿನ ಮೇಲ್ ಬರುತ್ತಿತ್ತು, ಹಾಗಾದರೆ ಲೈನು ಸರಿ. ಪಾಸ್‌ವರ್ಡ್ ಮತ್ತೆ ಹೊಡೆದಳು, ಅದೂ ಸರಿ. ತನಗೇ ಎರಡಕ್ಷರ ಬರೆದು ಕಳಿಸಿದಳು. ಅದೂ ಹೋಗಿ ಮನವಿಯ ಹಿಂದೆ ಕೂತಿತು.

"ಘಾಟಿಯಲ್ಲಿ ಲಾರಿ ಸಿಕ್ಕಿಬಿದ್ರೆ ಹಿಂದಿನ ಬೈಕೂ ಹೋಗುದಿಲ್ಲ," ಎಂದು ಗೊಣಗಿ, ಮನವಿಯನ್ನು ಎಳೆದು ಡ್ರಾಫ್ಟಿಗೆ ಹಾಕಿದಳು. ಎರಡಕ್ಷರ ಸರಕ್ಕನೆ ಹೋಯಿತು. ತೊಂದರೆ ಲಾರಿಯದ್ದೇ. ತೂಕ ನೋಡಿದಳು: ನಲುವತ್ತೊಂದು ಎಂಬಿ. ಇಪ್ಪತ್ತೈದಕ್ಕಿಂತ ಹೆಚ್ಚು ಹೋಗುವುದಿಲ್ಲವೆಂದು ಬೆಳಗ್ಗೆಯೇ ಒಂದು ಇಂಗ್ಲಿಷ್ ಸೂಚನೆ ಬಂದಿತ್ತು. ಜಾಹೀರಾತೆಂದು ಓದದೆ ಮುಚ್ಚಿದ್ದಳು. ಮಂದಿಗೆ ಓದಿ ಸಹಿ ಹಾಕಿ ಎಂದು ಹೇಳುತ್ತ ಬಂದವಳು!

"ತುಂಡು ಮಾಡಿ ಕಳಿಸು," ಎಂದಳು ಆಸ್ಯಮ್ಮ.

"ತುಂಡು ಮಾಡಿದ್ರೆ ಒಂದನೇ ಪುಟ ಅಂತ ಆಗ್ತದೆ. ಒಂದನೇ ಪುಟದಲ್ಲಿ ಯಾರು?"

ಆಸ್ಯಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆ ಭಯದ ರುಚಿ ಅವಳೂ ಕಂಡಿದ್ದಳು.

"ಹಾಗಾದ್ರೆ ಎಂತ ಮಾಡುದು?"

"ಮಸುಕಾಗಿ ತೆಗಿಬಹುದು. ಆದ್ರೆ ಗೆರೆ ಕಾಣುದಿಲ್ಲ."

ಗಂಟೆ ನಾಲ್ಕೂ ಕಾಲು. ಆಸ್ಯಮ್ಮ ಒಳಗೆ ಬಂದು ಪರದೆಯ ಮುಂದೆ ತನ್ನ ಹೆಬ್ಬೆರಳು ಹಿಡಿದಳು.

"ನೋಡು. ಗೆರೆ ಎಲ್ಲುಂಟು? ಅದೆಲ್ಲ ಬೀಡಿ ಎಲೆ ತಿಂದು ಆಯ್ತು. ಆಧಾರಿನವನೂ ನಾಲ್ಕು ಸಲ ಒತ್ತಿಸಿ ಸೋತ. ಇಲ್ಲದ ಗೆರೆಗೆ ನೀನು ಬಾವಿ ಕಳ್ಕೊಳ್ತೀಯಾ?"

ದೇವಕಿ ಕಾಗದ ಹಿಡಿದು ನೋಡಿದಳು. ಹೌದು, ಅರ್ಧಕ್ಕರ್ಧ ಹೆಬ್ಬೆಟ್ಟು ಬರೀ ನೀಲಿ ಬೊಟ್ಟು. ಅವಳದೇ ಬೆರಳಿನಲ್ಲೂ ಏನೂ ಉಳಿದಿರಲಿಲ್ಲ. ಮೂವತ್ತು ವರ್ಷ ಅವಳು ಕಾಪಾಡಿದ್ದು ಇಂಥ ಬೊಟ್ಟುಗಳನ್ನೇ. ಹಿಂದಿನ ಮನವಿಗಳಿಗೆ ಒತ್ತಿದವರಲ್ಲಿ ಎಷ್ಟೋ ಮಂದಿ ಈಗ ಮಣ್ಣಿನಡಿ.

ಸ್ಕ್ಯಾನರಿನ ಮುಚ್ಚಳ ತೆಗೆದಳು. ಗುಣಮಟ್ಟ ಇಳಿಸಿದಳು. ಇಡೀ ವೃತ್ತ ಒಂದೇ ಪುಟದಲ್ಲಿ, ಎರಡು ಎಂಬಿಗೆ ಬಂತು. ನಾಲ್ಕು ಮೂವತ್ತೇಳಕ್ಕೆ ಔಟ್‌ಬಾಕ್ಸ್ ಖಾಲಿ. ನಿಮಿಷದಲ್ಲಿ ಉತ್ತರವೂ ಬಂತು: ಸ್ವೀಕರಿಸಲಾಗಿದೆ, ಜತೆಗೊಂದು ನಂಬರು, ವಿಚಾರಣೆಯ ತಾರೀಕು.

"ಇಷ್ಟೆಯಾ?" ಆಸ್ಯಮ್ಮನಿಗೆ ಸಮಾಧಾನವಿಲ್ಲ. "ಸೀಲಿಲ್ಲ, ಚಾ ಇಲ್ಲ, ಬೈಲಿಕ್ಕೆ ಒಬ್ಬ ಗುಮಾಸ್ತನೂ ಇಲ್ಲ."

"ವಿಚಾರಣೆಗೆ ಹೋಗ್ಲಿಕ್ಕುಂಟಲ್ಲ," ಎಂದು ದೇವಕಿ ಸ್ವಿಚ್ ಆರಿಸಿದಳು. "ಅಲ್ಲಿ ಜನ ಇರ್ತಾರೆ."