ಕೇಳದೆ ಬರೆದ ‘ಇಲ್ಲ’

ಹನೂರಿನ ಆಚೆ ವಯಸ್ಸಾದ ಡಾಕ್ಟರೊಬ್ಬರು ಹೆಂಚಿನ ಮನೆಯಲ್ಲಿ ಸ್ವಂತದ ಒಂದು ಔಷಧಾಲಯ ನಡೆಸುತ್ತಿದ್ದರು. ನಾನು ಅಲ್ಲಿ ನರ್ಸು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿತ್ತು, ನನಗಿನ್ನೂ ಇಪ್ಪತ್ತಮೂರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಾದು ಕೂತವರು ಗೊಣಗಿದರೆ, ‘ಬಸ್ಸಿಗೆ ಅರ್ಧ ದಿನ ಕಾಯ್ತೀರಲ್ಲ, ಇಲ್ಲೂ ಕಾಯಿರಿ’ ಅಂತ ಗದರಿಬಿಡುತ್ತಿದ್ದೆ. ಜನ ನನಗೆ ಹೆದರುತ್ತಿದ್ದರು. ಅದು ನನಗೆ ಖುಷಿಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬಂದವರಿಗೆಲ್ಲ ಒಂದೊಂದು ದಪ್ಪ ಕಾರ್ಡು. ಹೆಸರು, ಊರು, ವಯಸ್ಸು, ಕೊನೆಗೆ ಒಂದು ಪ್ರಶ್ನೆ: ಹಿಂದೆ ಸೂಜಿಯಿಂದ ತೊಂದರೆ ಆಗಿದೆಯೇ? ಪೆನ್ಸಿಲಿನ್ ಕೆಲವರ ಮೈಗೆ ಒಗ್ಗುವುದಿಲ್ಲ, ಒಗ್ಗದಿದ್ದರೆ ಜೀವಕ್ಕೇ ಸಂಚಕಾರ. ಅದಕ್ಕೆ ಡಾಕ್ಟರು ಒಂದು ಪದ್ಧತಿ ಇಟ್ಟಿದ್ದರು. ‘ಹೌದು’ ಅಂತಿದ್ದರೆ ಬೇರೆ ಔಷಧಿ. ‘ಇಲ್ಲ’ ಅಂತಿದ್ದರೆ ನೇರ ಸೂಜಿ. ಖಾಲಿ ಇದ್ದರೆ ಅವರೇ ರೋಗಿಯನ್ನು ಕೂರಿಸಿಕೊಂಡು ನಿಧಾನವಾಗಿ ಕೇಳುತ್ತಿದ್ದರು.

ನೂರಕ್ಕೆ ತೊಂಬತ್ತೊಂಬತ್ತು ಜನ ಹೇಳುತ್ತಿದ್ದುದು ‘ಇಲ್ಲ ಕಣವ್ವ’ ಅಂತಲೇ. ಸಂತೆಯ ದಿನ ಜನ ಮುಗಿಬಿದ್ದರೆ ಬರೆದು ಬರೆದು ಬೆರಳು ನೋಯುತ್ತಿತ್ತು. ನನ್ನ ಬುದ್ಧಿವಂತಿಕೆ ನೋಡಿ! ಕೆಲಸವಿಲ್ಲದ ಒಂದು ದಿನ ಕೂತು, ಹೊಸ ಕಾರ್ಡುಗಳ ಕಟ್ಟಿಗೆ ಕಟ್ಟನ್ನೇ ತೆಗೆದು, ಎಲ್ಲದರಲ್ಲೂ ಮೊದಲೇ ‘ಇಲ್ಲ’ ಅಂತ ಬರೆದಿಟ್ಟೆ. ಹೌದು ಅಂದವರದ್ದು ಹೊಡೆದು ಬರೆದರಾಯಿತಲ್ಲ. ಮೊದಮೊದಲು ಹಾಗೇ ಮಾಡಿದೆ. ಆಮೇಲೆ ಆ ಸಾಲು ತುಂಬಿಯೇ ಇರುತ್ತಿದ್ದುದರಿಂದ ಕೇಳುವುದೇ ಮರೆತುಹೋಯಿತು.

ಒಂದು ಸಂತೆಯ ದಿನ ಬೆಳಿಗ್ಗೆ ಅತ್ತೆಯೊಬ್ಬಳು ಸೊಸೆಯನ್ನು ಗಾಡಿಯಲ್ಲಿ ಕರೆತಂದಳು. ಕುಡುಗೋಲು ತಾಗಿ ಸೊಸೆಯ ಕಾಲು ಕೀವು ಕಟ್ಟಿತ್ತು. ಹೆಸರು ಹೇಳಿದವಳು ಅತ್ತೆ, ವಯಸ್ಸು ಹೇಳಿದವಳೂ ಅತ್ತೆ. ನಮ್ಮ ಕಡೆ ಸೊಸೆಯ ಮೈಯ ವಿಚಾರಕ್ಕೂ ಅತ್ತೆಯದೇ ಬಾಯಿ. ಡಾಕ್ಟರು ಕಾರ್ಡು ಹಿಡಿದು ಗಟ್ಟಿಯಾಗಿ ಓದಿದರು: ‘ಸೂಜಿಯಿಂದ ತೊಂದರೆ, ಇಲ್ಲ.’ ಆ ಹುಡುಗಿ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ‘ಹೂಂ, ಆ ಕಡೆ ತಿರುಗಮ್ಮ, ಹೊತ್ತಾಯ್ತು’ ಅಂದು ಪೆನ್ಸಿಲಿನ್ ಹಾಕಿ ಕಳಿಸಿದೆ.

ಗಾಡಿ ಹೊರಟು ಹತ್ತು ನಿಮಿಷವಾಗಿರಲಿಲ್ಲ. ಇನ್ನೊಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಆ ಹುಡುಗಿಯ ತಾಯಿ. ಮಗಳನ್ನು ಇಲ್ಲಿಗೆ ಕರೆತಂದ ಸುದ್ದಿ ಸಂತೆಯಲ್ಲಿ ಕೇಳಿ ಓಡಿಬಂದಿದ್ದಳು.

‘ಸೂಜಿ ಆಕ್ಬುಟ್ರಾ ನರ್ಸಮ್ಮ? ಅಯ್ಯೋ, ಅವ್ಳಿಗೆ ಆಗಕಿಲ್ಲ ಕಣವ್ವಾ! ಮದ್ವೆಗೆ ಮುಂಚೆ ಯಳಂದೂರಲ್ಲಿ ಸೂಜಿ ಆಕ್ಸಿ, ಉಸ್ರು ಕಟ್ಟಿ, ಕೂಸು ಸತ್ತೇ ಓಯ್ತು ಅಂದ್ಕಂಡಿದ್ವಿ. ಬೀಗ್ರಿಗೆ ಏಳಿಲ್ಲ, ರೋಗಿಷ್ಟೆ ಅಂದಾರು ಅಂತ!’

ಡಾಕ್ಟರು ಒಳಗೆ ಯಾರದೋ ತಲೆಗೆ ಹೊಲಿಗೆ ಹಾಕುತ್ತಿದ್ದರು. ಅವರಿಗೆ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಇಂಥ ಹೊತ್ತಿಗೆಂದೇ ಇಟ್ಟಿದ್ದ ಅಡ್ರಿನಲಿನ್ ಬುಡ್ಡಿ, ಕುದಿಸಿಟ್ಟ ಸಿರಿಂಜು ತಕ್ಕೊಂಡು ರಸ್ತೆಗೆ ಬಿದ್ದು ಓಡಿದೆ. ಹಿಂದೆ ಆ ತಾಯಿ, ಮನೆದೇವರಿಗೆಲ್ಲ ಹರಕೆ ಹೊತ್ತುಕೊಂಡು ಅಳುತ್ತ ಬರುತ್ತಿದ್ದಳು.

ದಾರಿಯುದ್ದಕ್ಕೂ ಹುಡುಗಿ ಸತ್ತಳು ಅಂತಲೇ ನನ್ನ ಮನಸ್ಸು ಹೇಳುತ್ತಿತ್ತು. ಇನ್ನೂ ನಾಚಿಕೆಗೇಡು ಅಂದರೆ, ಕಾರ್ಡಿನಲ್ಲಿರುವುದು ನನ್ನ ಅಕ್ಷರ, ಅದನ್ನು ಹರಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂತಲೂ ಹೇಳುತ್ತಿತ್ತು. ಥೂ! ಭಯ ಮನುಷ್ಯರನ್ನು ಎಷ್ಟು ಕೀಳು ಮಾಡುತ್ತದೆ ಅಂತ ಆವತ್ತು ಗೊತ್ತಾಯಿತು.

ತಿರುವಿನಲ್ಲಿ ಗಾಡಿ ನಿಂತಿತ್ತು. ಎತ್ತುಗಳನ್ನು ನೊಗದಿಂದ ಬಿಚ್ಚಿದ್ದರು. ಹುಡುಗಿಯ ತುಟಿ, ಕಣ್ಣು ಊದಿಕೊಂಡಿದ್ದವು, ಕತ್ತಿನ ತುಂಬ ಕೆಂಪು ದದ್ದು. ಒಂದೊಂದು ಉಸಿರಿಗೂ ಎದೆಯಲ್ಲಿ ಸಿಳ್ಳೆ. ಅತ್ತೆ ಸೆರಗಿನಿಂದ ಗಾಳಿ ಹಾಕುತ್ತ, ‘ಯಾರ ಕಣ್ಣು ತಾಗ್ತೋ, ತಾಯಿ’ ಅನ್ನುತ್ತಿದ್ದಳು. ಗಾಜಿನ ಬುಡ್ಡಿಯ ಕತ್ತು ಮುರಿಯುವ ಅವಸರದಲ್ಲಿ ನನ್ನ ಬೆರಳೇ ಕುಯ್ದುಹೋಯಿತು. ಸೂಜಿ ಕಂಡದ್ದೇ ಹುಡುಗಿ ತೋಳು ಎಳೆದುಕೊಂಡಳು. ‘ಇದು ಬೇರೆ ಕಣವ್ವ, ನನ್ನವ್ವ, ಇದು ಉಸಿರು ಬಿಡಿಸುತ್ತೆ’ ಅಂತ ಬೇಡಿಕೊಂಡೆ. ನಾನು ಯಾವ ರೋಗಿಗೂ ‘ನನ್ನವ್ವ’ ಅಂದವಳಲ್ಲ.

ಸೂಜಿ ಹಾಕಿ ಅವಳ ಕೈ ಹಿಡಿದು ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ನಿಧಾನಕ್ಕೆ ಸಿಳ್ಳೆ ಕಮ್ಮಿಯಾಯಿತು, ತುಟಿಗೆ ಬಣ್ಣ ಬಂತು. ಅವಳು ನೀರು ಕೇಳಿದಳು. ಆಗ ನಾನು ಬೋರಾಡಿ ಅತ್ತುಬಿಟ್ಟೆ.

‘ನಿಂಗೆ ಗೊತ್ತಿತ್ತಲ್ಲಮ್ಮ, ಯಾಕೆ ಹೇಳಲಿಲ್ಲ?’ ಅಂದೆ. ನೋಡಿ, ಆಗಲೂ ತಪ್ಪನ್ನು ಅವಳ ತಲೆಗೇ ಕಟ್ಟೋಕೆ ನೋಡಿದೆ.

‘ನೀವು ಕೇಳ್ತೀರಿ ಅಂತ ಕಾಯ್ತಿದ್ದೆ ಕಣ್ರಿ. ಅಷ್ಟ್ರಲ್ಲಿ ಡಾಕ್ಟ್ರು ಇಲ್ಲ ಅಂತ ಓದುದ್ರು. ಯಳಂದೂರ್ನ ಡಾಕ್ಟ್ರು ಬರ್ದು ಕಳ್ಸವ್ರೆ, ಈಗ ವಾಸಿ ಆಗ್ಬುಟ್ಟದೆ ಅಂದ್ಕಂಡೆ.’

ತನ್ನ ಮೈ ಹೇಳುವುದಕ್ಕಿಂತ ನಾನು ಬರೆದ ಅಕ್ಷರವನ್ನೇ ನಂಬಿದ್ದಳು, ಪಾಪ.

ಗಾಡಿಯಲ್ಲೇ ಅವಳನ್ನು ಔಷಧಾಲಯಕ್ಕೆ ವಾಪಸು ತಂದು ಮಲಗಿಸಿ, ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಬಯ್ಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ಪೆಟ್ಟಿಗೆಯಿಂದ ಒಂದು ಹಿಡಿ ಕಾರ್ಡು ತೆಗೆದು ಮೇಜಿನ ಮೇಲೆ ಹರಡಿದರು.

‘ನೋಡಮ್ಮ, ಇದರಲ್ಲಿ ಅವರು ಹೇಳಿದ ಇಲ್ಲ ಯಾವುದು, ನೀನು ಬರೆದ ಇಲ್ಲ ಯಾವುದು?’

ನೋಡಿದೆ. ಒಂದೇ ಶಾಯಿ, ಒಂದೇ ಅಕ್ಷರ. ಹೇಳೋಕಾಗಲಿಲ್ಲ. ಒಬ್ಬಳ ಬಗ್ಗೆ ಇದ್ದ ಭಯ ಈಗ ಪೆಟ್ಟಿಗೆ ತುಂಬ ಇತ್ತು.

ಎಲ್ಲ ಕಾರ್ಡಿನಲ್ಲೂ ಆ ‘ಇಲ್ಲ’ವನ್ನು ಹೊಡೆದು, ‘ಕೇಳಿಲ್ಲ’ ಅಂತ ಬರೆದೆ. ಆಮೇಲೆ ಭಾನುವಾರಗಳಲ್ಲಿ ಊರೂರು ಅಲೆದು ಕೇಳಿದೆ. ಅತ್ತೆಯರನ್ನು ನೀರು ತರಲು ಕಳಿಸಿ ಸೊಸೆಯರನ್ನೇ ಕೇಳಿದೆ. ಇಬ್ಬರು ಹೌದು ಅಂದರು.

ಒಬ್ಬಳು ಮಾತ್ರ ಸಿಗಲಿಲ್ಲ. ಗಂಡನ ಜೊತೆ ಕಾಡಿನ ಕೆಲಸಕ್ಕೆ ಗೋಪಿನಾಥಂಗೆ ಹೊರಟಿದ್ದಾಗ, ಬೇರೆ ಡಾಕ್ಟರಿಗೆ ತೋರಿಸಲೆಂದು ಅವಳ ಕಾರ್ಡನ್ನು ನಾನೇ ಅಚ್ಚುಕಟ್ಟಾಗಿ ನಕಲು ಮಾಡಿ, ಡಾಕ್ಟರ ಸಹಿ ಹಾಕಿಸಿ ಕೊಟ್ಟಿದ್ದೆ. ಆ ಕಡೆ ಹೋಗುವವರ ಕೈಲೆಲ್ಲ ಹೇಳಿಕಳಿಸಿದೆ. ಪಾಲಾರ್ ದಾಟಿ ತಮಿಳುನಾಡಿನ ಕಡೆ ಹೋದರು ಅಂತ ಯಾರೋ ಬಂದು ಹೇಳಿದರು. ಅವಳ ಹತ್ತಿರ ‘ಇಲ್ಲ’ ಅಂತ ಬರೆದ ಆ ಕಾಗದ ಇದೆ. ಅದನ್ನು ನೋಡಿದ ಯಾವ ಡಾಕ್ಟರೂ ಅವಳನ್ನು ಏನೂ ಕೇಳುವುದಿಲ್ಲ.