ಚಾದರದ ಹಿಂದಿನ ವಾಲ್ವು

ಏಳನೆಯ ಸಲ ಅಪ್ಪ ಏನು ಹೇಳಿದ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ‘ಹಳೇದು’ ಅಂದ ಎಂದು ನನ್ನ ನೆನಪು. ಅವ್ವ ಇದನ್ನು ಒಪ್ಪುವುದಿಲ್ಲ. ನಡುಮನೆಯಲ್ಲಿ ಅಡ್ಡ ಕಟ್ಟಿದ್ದು ಚಾದರ ಎಂದು ನಾನಂದರೆ ಅದು ತನ್ನ ಹಳೆಯ ಇಳಕಲ್ ಸೀರೆ ಎನ್ನುತ್ತಾಳೆ. ಅವತ್ತು ಮಳೆ ಹಿಡಿದಿತ್ತು ಎಂದರೆ, “ಮ್ಯಾಳಗಿ ಮ್ಯಾಲೆ ಶಾವಗಿ ಒಣಗಾಕ ಹಾಕಿದ್ನೆಪಾ, ಮಳಿ ಎಲ್ಲಿಂದ ತಂದಿ?” ಎಂದು ಕೇಳುತ್ತಾಳೆ. ಧಾರವಾಡದಲ್ಲಿ ಎರಡು ವರ್ಷ ಸಂಖ್ಯಾಶಾಸ್ತ್ರ ಓದಿದವನು ನಾನು. ಮನುಷ್ಯರ ಸಾಕ್ಷಿ ಎಷ್ಟು ಸುಲಭವಾಗಿ ತಪ್ಪುತ್ತದೆ ಎಂದು ಹುಡುಗರಿಗೆ ಪಾಠ ಹೇಳಿಯೇ ಸಂಬಳ ಎಣಿಸಿದ್ದೇನೆ. ನನ್ನದೊಂದು ಸಾಕ್ಷಿಯನ್ನು ಮಾತ್ರ ನಂಬಲು ಕಾರಣ ಕಾಣುವುದಿಲ್ಲ.

ತೊಂಬತ್ತರ ದಶಕದ ಕೊನೆ ಇರಬೇಕು. ನಾನು ಸವದತ್ತಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಭಾನುವಾರಕ್ಕೊಮ್ಮೆ ಬೈಲಹೊಂಗಲದ ಮನೆಗೆ ಬರುತ್ತಿದ್ದೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದು ನಿವೃತ್ತನಾಗಿದ್ದ. ಆದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಬೇರೆ ಕೆಲಸಕ್ಕೆ. ಸುತ್ತಲಿನ ಹಳ್ಳಿಗಳ ಭಜನಾ ಮೇಳಗಳ ಹಾರ್ಮೋನಿಯಂ ಬೇಸೂರಾದರೆ ಅದು ಬಸ್ಸಿನ ಟಾಪಿನ ಮೇಲೆ ಕೂತು ನಮ್ಮ ಪಡಸಾಲೆಗೆ ಬರುತ್ತಿತ್ತು. ಅಪ್ಪ ಅದನ್ನು ಬಿಚ್ಚಿ, ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ನುಡಿಸಿ ಕೇಳಿ, ಕಾನಸು ಎನ್ನುವ ಸಣ್ಣ ಅರದಿಂದ ಕೂದಲೆಳೆಯಷ್ಟು ಉಜ್ಜಿ, ಮತ್ತೆ ಕೇಳುತ್ತಿದ್ದ. ಅಳೆಯಲು ಯಾವ ಯಂತ್ರವೂ ಇರಲಿಲ್ಲ. ಇದ್ದದ್ದು ಅವನ ಎರಡು ಕಿವಿ.

ಆ ವರ್ಷ ಅವನು ಸರಿಮಾಡಿ ಕಳಿಸಿದ್ದ ಎರಡು ಪೆಟ್ಟಿಗೆಗಳು ವಾಪಸು ಬಂದವು. ಒಂದು ಕಿತ್ತೂರಿನದು, ಇನ್ನೊಂದು ನೇಸರಗಿಯದು. ನೇಸರಗಿಯಿಂದ ಹೊತ್ತು ತಂದವನು ಚಪ್ಪಲಿ ಬಿಡುತ್ತ, “ಮಾಸ್ತರ್ರ, ಮ್ಯಾಲಿನ ಸಾ ತಳಗಿನ ಸಾ ಜೋಡಿ ಜಗಳಾ ತಗ್ಯಾಕ ಹತ್ತೇತ್ರಿ, ಏನರೆ ರಾಜಿ ಮಾಡಸ್ರಿ” ಅಂದ. ಅಪ್ಪ ಜೋರಾಗಿ ನಕ್ಕ, ಅವನಿಗೆ ಚಹಾ ಕುಡಿಸಿ ಕಳಿಸಿದ. ಆಮೇಲೆ ಕಾನಸನ್ನು ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟ. ಮೂರು ಭಾನುವಾರ ಬಂದು ನೋಡಿದರೂ ಪೆಟ್ಟಿಗೆಗಳು ಗೋಡೆಗೆ ಮುಖ ಮಾಡಿ ಕೂತೇ ಇದ್ದವು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ರೇಡಿಯೊ. ನಮ್ಮ ಮನೆಯಲ್ಲಿ ಕಟ್ಟಿಗೆಯ ಕವಚದ ಹಳೆಯ ವಾಲ್ವ್ ರೇಡಿಯೊ ಇತ್ತು. ಟ್ರಾನ್ಸಿಸ್ಟರ್ ಬರುವ ಮುಂಚಿನ ಕಾಲದ್ದು. ಒಳಗೆ ವಾಲ್ವ್ ಎನ್ನುವ ಗಾಜಿನ ಕೊಳವೆಗಳು, ಸ್ವಿಚ್ ಹಾಕಿದ ಮೇಲೆ ಅವು ಕೆಂಡದ ಬಣ್ಣಕ್ಕೆ ತಿರುಗಿ ನಿಧಾನವಾಗಿ ದನಿ ಹುಟ್ಟುತ್ತಿತ್ತು. ಈಚೆಗೆ ಆ ದನಿ ಸೊರಗಿತ್ತು. ಪೇಟೆಯ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ, ಅಪ್ಪನ ಹಳೆಯ ಗೆಳೆಯರು, ಬಂದು ನೋಡಿ ಕೊನೆಯ ವಾಲ್ವು ಮುಪ್ಪಾಗಿದೆ, ಬದಲಿಸಬೇಕು ಎಂದರು.

“ಹಳೇ ವಾಲ್ವs ಹುಡಕ್ರಿ ಮಿಸ್ತ್ರಿ,” ಅಪ್ಪ ಹೇಳಿದ. “ಈಗ ಮಾಡೂವು ತಗಡ ಬಡದಂಗ ಒದರ್ತಾವು.”

“ಹೆಸರು ಕೇಳಿ ಹೇಳ್ತೀಪಾ ನೀ,” ಎಂದೆ ನಾನು. “ಕಣ್ಣು ಕಟ್ಟಿ ಕುಂದರಿಸಿದ್ರ ಹಳೇದು ಯಾವದು ಹೊಸಾದು ಯಾವದು ಒಬ್ಬರಿಗೂ ಗೊತ್ತಾಗೂದಿಲ್ಲ.”

“ಕುಂದರ್ಸು ನೋಡೂಣು.”

ಹಾಗೆ ಶುರುವಾಯಿತು. ರಾಮದುರ್ಗದಲ್ಲಿ ಯಾರದೋ ಅಟ್ಟದ ಮೇಲಿದ್ದ ಸತ್ತ ರೇಡಿಯೊದಿಂದ ಮಿಸ್ತ್ರಿ ಒಂದು ಹಳೆಯ ವಾಲ್ವು ಕಿತ್ತು ತಂದರು. ಮುಂಬೈಯಿಂದ ಪಾರ್ಸಲ್ಲಿನಲ್ಲಿ ಹೊಸದಾಗಿ ತಯಾರಾದ ಇನ್ನೊಂದನ್ನು ತರಿಸಿದರು. ಹೊಸದರ ರಟ್ಟಿನ ಡಬ್ಬಿ ನೋಡಿದ ನೆನಪಿದೆ. ಅದರ ಮೇಲೆ ನನಗೆ ಓದಲು ಬಾರದ ಪರದೇಶದ ಅಕ್ಷರಗಳು. ಡಬ್ಬಿಯೊಳಗಿನದನ್ನು ನಾನು ನೋಡಲಿಲ್ಲ. ನೋಡುವುದು ನನ್ನ ನಿಯಮಕ್ಕೇ ವಿರುದ್ಧವಾಗಿತ್ತು.

ನಿಯಮಗಳೆಲ್ಲ ನನ್ನವು, ಅವುಗಳ ಬಗ್ಗೆ ನನಗೆ ಬಹಳ ಹೆಮ್ಮೆ. ರೇಡಿಯೊದ ಮುಂದೆ ಚಾದರ. ಚಾದರದ ಆಚೆ ಮಿಸ್ತ್ರಿ ಒಬ್ಬರೇ. ಅವರು ನಾಣ್ಯ ಚಿಮ್ಮಬೇಕು. ಛಾಪಾ ಬಿದ್ದರೆ ಹಳೆಯ ವಾಲ್ವು, ಕಾಟಾ ಬಿದ್ದರೆ ಹೊಸದು. ಯಾವುದು ಹಾಕಿದ್ದೆಂದು ಅವರು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಅಪ್ಪ ಈಚೆ ಕೂತು ಕೇಳಿ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹತ್ತು ಸಲ. ಪ್ರತಿ ಸಲವೂ ಒಂದೇ ಕ್ಯಾಸೆಟ್ಟು, ಅಪ್ಪನೇ ಹಿಂದೊಮ್ಮೆ ನುಡಿಸಿದ್ದ ಹಾರ್ಮೋನಿಯಂ. ರೇಡಿಯೊದ ಹಿಂದೆ ಗ್ರಾಮಫೋನ್ ಜೋಡಿಸುವ ತೂತುಗಳಿದ್ದವು, ಮಿಸ್ತ್ರಿ ಟೇಪ್ ರೆಕಾರ್ಡರಿನ ವೈರನ್ನು ಅಲ್ಲಿ ಸಿಕ್ಕಿಸಿದರು.

ಅಪ್ಪ ಕೂರುವ ಮುಂಚೆ ಕೇಳಿದ: “ಈ ಪರೀಕ್ಷೆ ವಾಲ್ವಿಗೋ, ನನ್ನ ಕಿವಿಗೋ?”

“ವಾಲ್ವಿಗೆ.”

“ಇಬ್ಬರಿಗೂ ಆತು ಬಿಡು. ತಪ್ಪಿದ್ರ ಆ ಕಾನಸಾ ಮಿಸ್ತ್ರಿಗೆ ಕೊಟ್ಟ ಬಿಡ್ತೇನಿ. ಇನ್ನ ಮಂದಿ ಪೆಟ್ಟಿಗಿ ಮುಟ್ಟಿ ಕೆಡಸೂದು ಬ್ಯಾಡ.”

ನಾನು ನಕ್ಕೆ. ಮಿಸ್ತ್ರಿ ನಗಲಿಲ್ಲ ಎಂದು ಈಗ ಅನಿಸುತ್ತದೆ. ಮುಂದೆ ತಿಳಿದದ್ದು ಹಿಂದಿನದಕ್ಕೆ ಬಣ್ಣ ಬಳಿಯುತ್ತಿರಲೂಬಹುದು.

ಒಂದೊಂದು ಸಲಕ್ಕೂ ಐದಾರು ನಿಮಿಷ ಹಿಡಿಯಿತು. ಸ್ವಿಚ್ ಆರಿಸುವ ಸದ್ದು, ವಾಲ್ವು ಕೀಳುವ ಕಿರುಗುಟ್ಟು, ಮತ್ತೆ ಕೂರಿಸುವ ಕಿರುಗುಟ್ಟು, ಆಮೇಲೆ ಅದು ಕಾಯುವವರೆಗೆ ಮೌನ. ನಡುವೆ ಬಿಸಿ ವಾಲ್ವಿಗೆ ಬೆರಳು ತಾಗಿಸಿಕೊಂಡ ಮಿಸ್ತ್ರಿಯವರ ದನಿ ಚಾದರದಾಚೆಯಿಂದ: “ಪ್ರೊಫೆಸರ್ ಸಾಹೇಬ್ರ, ಬಟ್ಟ ಸುಟ್ಟವ್ರಿ. ನಿಮ್ಮ ಶಾಸ್ತ್ರದಾಗ ಮುಲಾಮ ಐತೇನ್ರಿ?”

ಅಡುಗೆಮನೆಯಿಂದ ಅವ್ವ: “ಎಂಥಾ ಹುಚ್ಚ ಆಟಾ ಹೂಡೀರಿ! ರೊಟ್ಟಿ ಆರಿ ಹಪ್ಪಳಾ ಆಗ್ಯಾವು.”

ಅಪ್ಪ ಯಾರ ಮಾತಿಗೂ ತಿರುಗಲಿಲ್ಲ. ಕಣ್ಣು ಮುಚ್ಚಿ, ಎಡಗಿವಿಯನ್ನು ತುಸು ಮುಂದೆ ಮಾಡಿ ಕೂತಿದ್ದ. ಹಾರ್ಮೋನಿಯಂ ಬಿಚ್ಚಿದಾಗಲೂ ಹಾಗೆಯೇ ಕೂರುತ್ತಿದ್ದ. “ಹಳೇದು.” “ಹೊಸಾದು.” “ಇದೂ ಹೊಸಾದು ಅನ್ನು.” ಹಣೆಯ ಮೇಲೆ ಬೆವರು ಕಂಡಿತು. ಸೆಖೆಗೆ ಎಂದುಕೊಂಡೆ.

ಆಮೇಲೆ ಏಳನೆಯ ಸಲ. ಅವ್ವ ಆಗ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳಂತೆ. ಅವಳು ಹೇಳುವುದು ಹೀಗೆ. ಅಪ್ಪ ಕಣ್ಣು ತೆರೆದು, “ತಮ್ಮಾ, ಯಾಡೂ ಒಂದs ಅದಾವಲ್ಲೋ. ಮೊದಲಿಂದನೂ ಒಂದs ಕೇಳಸಾಕ ಹತ್ತೇತಿ” ಅಂದ. ನಾನು, “ಹಂಗ ಬರ್ಯಾಕ ಬರೂದಿಲ್ಲಪಾ, ಯಾವದರೆ ಒಂದ ಹೇಳಬೇಕು” ಅಂದೆ. ಅಪ್ಪ ಚಾದರದ ಕಡೆ ಒಮ್ಮೆ ನೋಡಿ, “ಹಂಗಾರ ಹಳೇದು ಬರಕೋ” ಅಂದ. ನನಗೆ ಆ ‘ಹಳೇದು’ ಎಂಬ ಒಂದು ಶಬ್ದವಷ್ಟೇ ನೆನಪಿದೆ.

ಹತ್ತು ಮುಗಿದ ಮೇಲೆ ಮಿಸ್ತ್ರಿ ಚಾದರ ಸರಿಸಿ ಚೀಟಿ ಕೊಟ್ಟರು. ನನ್ನ ನೋಟ್‌ಬುಕ್ಕಿನ ಪಕ್ಕ ಇಟ್ಟು ತಾಳೆ ನೋಡಿದೆ. ಹತ್ತಕ್ಕೆ ಹತ್ತು. ಕುರುಡು ಅದೃಷ್ಟದಿಂದ ಹೀಗಾಗುವ ಸಾಧ್ಯತೆ ಸಾವಿರಕ್ಕೆ ಒಂದರಷ್ಟೂ ಇಲ್ಲ ಎಂದು ಅಲ್ಲೇ ಲೆಕ್ಕ ಮಾಡಿ ಹೇಳಿದೆ.

“ಅಂದ್ರ?” ಅಪ್ಪ ಕೇಳಿದ.

“ಅಂದ್ರ ನಿನ್ನ ಕಿವಿ ಗೆದ್ದಂಗ.”

“ನಾ ಹೇಳಿದ್ದಿಲ್ಲೇನ್ರಿ ಮಾಸ್ತರ್ರ,” ಮಿಸ್ತ್ರಿ ಬೆರಳು ಊದಿಕೊಳ್ಳುತ್ತ ಅಂದರು, “ಕಿವಿಗೆ ಎಲ್ಲಿ ಮುಪ್ಪು ಬರತೈತ್ರಿ?”

ಅಪ್ಪ ಊಟಕ್ಕೆ ಎದ್ದ. ಊಟವಾದ ಮೇಲೆ ಜಗಲಿಯಿಂದ ಅರಿವೆಯ ಗಂಟು ಇಳಿಸಿ, ನೇಸರಗಿಯ ಪೆಟ್ಟಿಗೆಯನ್ನು ತಿರುಗಿಸಿ ಬಿಚ್ಚಿದ. ಮಿಸ್ತ್ರಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತರು. ಆ ಪೆಟ್ಟಿಗೆ ಮತ್ತೆ ಬರಲಿಲ್ಲ. ಕಿತ್ತೂರಿನದು ಮತ್ತೊಮ್ಮೆ ಬಂತು, ಇದನ್ನೂ ಹೇಳಬೇಕು. ಅಪ್ಪ ನಗುತ್ತಲೇ ಮತ್ತೊಮ್ಮೆ ಸರಿಮಾಡಿದ. ಕಾನಸು ಕೈಯಿಂದ ಹೋಗಲಿಲ್ಲ. ಇನ್ನೂ ಆರೇಳು ವರ್ಷ, ಕೊನೆಯ ಚಳಿಗಾಲದವರೆಗೂ ಪಡಸಾಲೆಯಲ್ಲಿ ಯಾರದಾದರೂ ಹಾರ್ಮೋನಿಯಂ ಇರುತ್ತಿತ್ತು.

ನಾನು ಆ ಭಾನುವಾರವನ್ನು ತರಗತಿಗೆ ಒಯ್ದೆ. ಪ್ರತಿ ವರ್ಷ ಹೊಸ ಹುಡುಗರಿಗೆ ಅದನ್ನೇ ಉದಾಹರಣೆಯಾಗಿ ಹೇಳುತ್ತಿದ್ದೆ: ಹಳೆಯ ವಾಲ್ವಿನ ದನಿ ಬೇರೆ ಎಂಬುದನ್ನು ನಾನು ನಂಬಿರಲಿಲ್ಲ, ಪರೀಕ್ಷೆ ಮಾಡಿದೆ, ಸೋತೆ. ಸೋಲನ್ನು ಒಪ್ಪಿಕೊಳ್ಳುವವನಂತೆ ಹುಡುಗರ ಮುಂದೆ ನಿಲ್ಲುವುದು ನನಗೆ ಇಷ್ಟವಿತ್ತು.

ಅಪ್ಪ ಹೋದಾಗ ಮಾತಾಡಿಸಲು ಬಂದ ಮಿಸ್ತ್ರಿ, ಎದ್ದು ಹೊರಡುವಾಗ ಜೇಬಿನಿಂದ ಆ ಪರದೇಶದ ಅಕ್ಷರದ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟರು. “ಇದು ನಿಮ್ಮನಿದು. ನನ್ನ ಕಡೆನs ಉಳದಿತ್ತು. ಹಚ್ಚಾಕ ಹೋಗಬ್ಯಾಡ್ರಿ, ಸುಮ್ಮ ಇಟಗೋರಿ.” ಹೊಸದರ ದನಿ ತಗಡಿನಂತೆ ಎಂಬ ಅಪ್ಪನ ಮಾತನ್ನೇ ಇವರೂ ಹೇಳುತ್ತಿದ್ದಾರೆ ಎಂದುಕೊಂಡೆ. ಡಬ್ಬಿ ಕಪಾಟು ಸೇರಿತು. ಮುಂದೆ ಎರಡು ವರ್ಷಕ್ಕೆ ಮಿಸ್ತ್ರಿಯೂ ಇಲ್ಲವಾದರು.

ಆಮೇಲೊಮ್ಮೆ ರೇಡಿಯೊ ಪೂರ್ತಿ ಸುಮ್ಮನಾಯಿತು. ಪೇಟೆಯಲ್ಲಿ ವಾಲ್ವು ಬಲ್ಲವರು ಉಳಿದಿರಲಿಲ್ಲ. ನಾನೇ ಹಿಂಬದಿಯ ರಟ್ಟು ಬಿಚ್ಚಿ, ರಾಮದುರ್ಗದ ವಾಲ್ವನ್ನು ಅರಿವೆಯಲ್ಲಿ ಹಿಡಿದು ಕಿತ್ತೆ. ಕಿರುಬೆರಳಿನಷ್ಟು ಉದ್ದದ್ದು, ತಳದಲ್ಲಿ ದಬ್ಬಣದ ಮೊನೆಯಂಥ ಕಾಲುಗಳು. ಆಮೇಲೆ ಡಬ್ಬಿ ತೆರೆದೆ. ಒಳಗಿದ್ದದ್ದು ಅದರ ಎರಡು ಪಟ್ಟು ದಪ್ಪ, ಬೇರೆ ಜಾತಿಯದು. ಮುಂಬೈಯವರು ಕಳಿಸುವಾಗಲೇ ತಪ್ಪಿದ್ದರು. ಅದು ನಮ್ಮ ರೇಡಿಯೊದಲ್ಲಿ ಒಂದು ಸಲವೂ ಕೂತಿರಲು ಸಾಧ್ಯವಿರಲಿಲ್ಲ. ಹತ್ತೂ ಸಲ ಮಿಸ್ತ್ರಿ ಕಿತ್ತು ಕೂರಿಸಿದ್ದು ಹಳೆಯದೊಂದನ್ನೇ. ಚೀಟಿಯಲ್ಲಿ ಬರೆದದ್ದು ಅಪ್ಪ ಹೇಳಿದ್ದನ್ನು.

ನಾನು ಒಬ್ಬನೇ ನೋಡಿದ್ದನ್ನು ನಂಬಲಾರದೆ ಅವ್ವನನ್ನು ಕರೆದೆ. ಅವಳು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಎರಡೆರಡು ಸಲ ಎಣಿಸಿದಳು. ರೇಡಿಯೊದ ಕಡೆ ಒಂಬತ್ತು ಸಣ್ಣ ತೂತು. ಹೊಸ ವಾಲ್ವಿಗೆ ಎಂಟು ದಪ್ಪ ಕಾಲು.